ಮರ ನಮ್ಮದು, ಎಣ್ಣೆ ಯಾರದು?

ಮುಂಬೈಯ ಮೊಹಮ್ಮದ್ ಅಲಿ ರಸ್ತೆಯ ಅತ್ತರಿನ ಅಂಗಡಿಯೊಂದರಲ್ಲಿ ಗಂಧದೆಣ್ಣೆ ಕೇಳಿದೆ. ನನ್ನ ಊರು ಕರ್ನಾಟಕ ಎಂದು ತಿಳಿದ ಹಿರಿಯ ವ್ಯಾಪಾರಿ, ನನ್ನ ಅಂಗೈ ಹಿಂಭಾಗಕ್ಕೆ ಒಂದು ಗೆರೆ ಎಳೆದು ನಕ್ಕರು: 'ಮೂಸಿ ನೋಡಿ. ಇದು ನಿಮ್ಮ ಕಡೆಯದಲ್ಲ, ಆಸ್ಟ್ರೇಲಿಯಾದ್ದು.' ಮನೆಗೆ ಬಂದರೂ ಆ ಮಾತು ಬಿಡಲಿಲ್ಲ.

ಅತ್ತರಿನ ಸಗಟು ವ್ಯಾಪಾರ ಹಿಂದೆ ನಿಂತಿದ್ದೇ ಗಂಧದೆಣ್ಣೆಯ ಮೇಲೆ. ಉತ್ತರ ಪ್ರದೇಶದ ಕನೌಜಿನಲ್ಲಿ ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಮಲ್ಲಿಗೆಯನ್ನೋ ಕುದಿಸುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ನೀರಿನಲ್ಲಿ ಕೂತ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಅದರೊಳಗೆ ಮೊದಲೇ ಗಂಧದೆಣ್ಣೆ ಇರುತ್ತದೆ. ಹೂವಿನ ಪರಿಮಳ ಬೇಗ ಹಾರಿಹೋಗುತ್ತದೆ. ಅದನ್ನು ಹಿಡಿದಿಡುವುದು ಗಂಧ. ಹೀಗಾಗಿ ಹೂವು ಉತ್ತರದ್ದಾದರೂ ಅದಕ್ಕೆ ಆಸರೆ ದಕ್ಷಿಣದ ಮರ.

ಆ ಮರಕ್ಕೆ ಒಡೆಯ ಮಾತ್ರ ಒಬ್ಬನೇ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಆಡಳಿತ ಬದಲಾದರೂ ಆ ಹಕ್ಕು ಸರ್ಕಾರದ ಕೈಬಿಡಲಿಲ್ಲ. ಕಾಡಿನಿಂದ ಬಂದ ಮರವನ್ನು ಗಂಧದ ಕೋಠಿಗಳಲ್ಲಿ ಕೆತ್ತಿ, ದರ್ಜೆ ಮಾಡಿ, ಹರಾಜು ಹಾಕುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ನೂರು ಕಿಲೋ ಚೇಗಿನಿಂದ ಸಿಗುವುದು ಸುಮಾರು ಐದು ಕಿಲೋ ಎಣ್ಣೆ. ನಾವು ಹಡಗಿಗೆ ತುಂಬುತ್ತಿದ್ದದ್ದು ಮರದ ತೂಕ. ಲಾಭ ಉಳಿಯುತ್ತಿದ್ದದ್ದು ಬಟ್ಟಿ ಇಳಿಸುವವನ ಬಳಿ.

1914ರಲ್ಲಿ ಯುದ್ಧ ಬಂತು, ಜರ್ಮನಿಯ ದಾರಿ ಮುಚ್ಚಿತು. ಒಬ್ಬನೇ ಗಿರಾಕಿಯನ್ನು ನಂಬಿದ ಪ್ರಾಜೆಕ್ಟ್ ಹೇಗೆ ಕುಸಿಯುತ್ತದೆ ಎಂಬುದು ನನ್ನಂಥವರಿಗೆ ಗೊತ್ತು. ಆದರೆ ಮೈಸೂರು ಕೈಕಟ್ಟಿ ಕೂರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು, ಆಲ್‌ಫ್ರೆಡ್ ಚಾಟರ್ಟನ್ ಕೈಗಾರಿಕಾ ನಿರ್ದೇಶಕ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನವನ್ನು ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ನಂತರ ಮೈಸೂರಿನಲ್ಲಿ ಕಾರ್ಖಾನೆ ಬಂತು. ಅದೇ ಎಣ್ಣೆಯಿಂದ ಮುಂದೆ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಮರವನ್ನಷ್ಟೇ ಮಾರುತ್ತಿದ್ದ ರಾಜ್ಯ ಎಣ್ಣೆಯನ್ನು ಮಾರತೊಡಗಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಹೆಮ್ಮೆಪಡುತ್ತೇವೆ. ಉಳಿದರ್ಧ ನನಗೆ ನಮ್ಮ ಮನೆಯಲ್ಲೇ ಸಿಕ್ಕಿತ್ತು. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ನಮ್ಮಜ್ಜ ಕಿತ್ತೆಸೆಯುತ್ತಿದ್ದರಂತೆ. 'ದೊಡ್ಡದಾದ ಮೇಲೆ ಕಳ್ಳರನ್ನ ಕಾಯೋರ್ಯಾರು, ಸರ್ಕಾರಕ್ಕೆ ಉತ್ತರ ಕೊಡೋರ್ಯಾರು?' ಎನ್ನುತ್ತಿದ್ದರಂತೆ. ಅವರ ಹೊಲದ ಮರ ಅವರದಾಗಿರಲಿಲ್ಲ. ಕಾರ್ಖಾನೆ ಕಟ್ಟಿದ ರಾಜ್ಯ, ಮರ ಬೆಳೆಸಬಲ್ಲವನನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. 2001ರ ತಿದ್ದುಪಡಿಯ ನಂತರವೇ ಕರ್ನಾಟಕದಲ್ಲಿ ಜಮೀನಿನ ಒಡೆಯ ತನ್ನ ಗಂಧದ ಮರಕ್ಕೂ ಒಡೆಯನಾದ. ಅಷ್ಟರಲ್ಲಿ ಕಾಡಿನ ಮರ ಕರಗಿ, ಬೆಲೆ ಏರಿ, ಕನೌಜಿನ ಅನೇಕರು ಗಂಧದೆಣ್ಣೆ ಬಿಟ್ಟು ಲಿಕ್ವಿಡ್ ಪ್ಯಾರಾಫಿನ್‌ನಂಥ ಅಗ್ಗದ ಎಣ್ಣೆಗಳಿಗೆ ಹೊರಳಿದ್ದರು. ಆಸ್ಟ್ರೇಲಿಯಾದ ಕುನುನುರ್ರಾದಲ್ಲಿ ನಮ್ಮದೇ ಜಾತಿಯ ಶ್ರೀಗಂಧದ ತೋಟಗಳು ಎದ್ದವು.

ಆ ಬದುವಿನಲ್ಲಿ ಈಗ ನನ್ನ ತಮ್ಮ ಹನ್ನೆರಡು ಸಸಿ ನೆಟ್ಟಿದ್ದಾನೆ. ಗಂಧ ತಾನೊಂದೇ ಬೆಳೆಯುವುದಿಲ್ಲ, ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಬೇಕು. ಅದಕ್ಕೆಂದು ಜೊತೆಗೆ ತೊಗರಿಯನ್ನೂ ಹಾಕಿದ್ದಾನೆ. ಚೇಗು ಕಟ್ಟುವ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಅಲ್ಲಿಯವರೆಗೆ ಇರಲೆಂದು, ಆ ವ್ಯಾಪಾರಿಯ ಬಳಿ ಆಸ್ಟ್ರೇಲಿಯಾದ ಎಣ್ಣೆಯನ್ನೇ ಕಾಲು ತೊಲ ಕೊಂಡು ತಂದೆ.