ಒಂದು ಸರೋವರವೂ ಹಲವು ಪುರಸಭೆಗಳೂ

ಚರಿತ್ರೆಯೆಂದರೆ ಯುದ್ಧ, ಸಂಧಿ, ಪಟ್ಟಾಭಿಷೇಕಗಳ ವೃತ್ತಾಂತವೆಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಊರಿನ ಬಚ್ಚಲ ನೀರು ಎಲ್ಲಿಗೆ ಹರಿದುಹೋಗುತ್ತದೆಂಬ ವಿಚಾರ ಚರಿತ್ರೆಕಾರನ ಗಮನಕ್ಕೆ ತಕ್ಕುದಲ್ಲವೆಂದು ತೋರಬಹುದು. ಆದರೆ ಒಂದು ಜನಸಮುದಾಯವು ತನ್ನನ್ನು ತಾನು ಆಳಿಕೊಳ್ಳಬಲ್ಲುದೇ ಎಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ದೊರೆಯುವುದು ಕಷ್ಟ. ಅಂತಹ ಪರೀಕ್ಷೆಯೊಂದರ ಕಥೆಯನ್ನು ಈಗ ನೋಡೋಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ಸಂಸ್ಥಾನವಿದೆ. ಇದು ಅದೇ ಹೆಸರಿನ ರಾಜಧಾನಿಯಲ್ಲ. ಅದರೊಳಗೆ ನಮ್ಮ ಜಿಲ್ಲೆಯನ್ನು ಹೋಲುವ ಕಿಂಗ್ ಕೌಂಟಿಯೂ, ಅದರಲ್ಲಿ ಸಿಯಾಟಲ್ ಪಟ್ಟಣವೂ ಇವೆ. ಪಟ್ಟಣದ ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚು. ಪೂರ್ವಕ್ಕೆ ಇಪ್ಪತ್ತು ಮೈಲಿಯುದ್ದದ ವಾಷಿಂಗ್ಟನ್ ಸರೋವರ. ಮೊದಲು ಈ ಸರೋವರಕ್ಕೆ ಬೀಳುತ್ತಿದ್ದ ತನ್ನ ಕೊಳಚೆಯನ್ನು ಸಿಯಾಟಲ್ ಪಟ್ಟಣವು ೧೯೩೦ರ ದಶಕದಲ್ಲಿ ಸಮುದ್ರದ ಕಡೆಗೆ ತಿರುಗಿಸಿತು. ಆದರೆ ಮುಂದೆ ದಡದ ಸುತ್ತ ಹೊಸ ಊರುಗಳು ಬೆಳೆದುವು. ಪ್ರತಿಯೊಂದು ಊರೂ ತನ್ನ ಶುದ್ಧೀಕರಣದ ಸ್ಥಾವರವನ್ನು ತಾನೇ ಕಟ್ಟಿಕೊಂಡು, ಹೊರಬಂದ ನೀರನ್ನು ಸರೋವರಕ್ಕೆ ಬಿಟ್ಟಿತು. ಕಡೆಗೆ ಇಂತಹ ಹನ್ನೊಂದು ಸ್ಥಾವರಗಳಿಂದ ದಿನಕ್ಕೆ ಸುಮಾರು ೨ ಕೋಟಿ ಗ್ಯಾಲನ್ ನೀರು ಬೀಳತೊಡಗಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ನೀರು ಶುದ್ಧೀಕರಿಸಿದ್ದೇ ಆಗಿತ್ತು. ಯಾವ ಊರೂ ತನ್ನ ಕರ್ತವ್ಯವನ್ನು ಮರೆತಿರಲಿಲ್ಲ. ಆದರೂ ಅದರಲ್ಲಿ ರಂಜಕವು ಉಳಿದುಕೊಂಡಿತ್ತು. ಹೊಲಕ್ಕೆ ಗೊಬ್ಬರವಾಗುವ ಈ ವಸ್ತುವೇ ಪಾಚಿಗೂ ಗೊಬ್ಬರ. ೧೯೫೫ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಎಡ್ಮಂಡ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಸರೋವರದಲ್ಲಿ ಒಂದು ಬಗೆಯ ಪಾಚಿಯನ್ನು ಕಂಡರು. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ಸರೋವರವು ಕೆಟ್ಟಾಗ ಅಲ್ಲಿ ಕಾಣಿಸಿಕೊಂಡಿದ್ದುದೂ ಅದೇ ಪಾಚಿ. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡುತ್ತಿದ್ದರೂ ಎಲ್ಲರಿಗೂ ಸೇರಿದ ಸರೋವರ ಕೆಡುತ್ತಲೇ ಇತ್ತು.

ಇದಕ್ಕೆ ಪರಿಹಾರವೆಂದರೆ ಊರುಗಳೆಲ್ಲ ಸೇರಿ ಒಂದು ಸಂಸ್ಥೆಗೆ ಅಧಿಕಾರವನ್ನು ಒಪ್ಪಿಸುವುದು. ಜೇಮ್ಸ್ ಎಲ್ಲಿಸ್ ಎಂಬ ವಕೀಲರು ಈ ಯತ್ನದ ಮುಂದಾಳಾದರು. ೧೯೫೭ರಲ್ಲಿ ಸಂಸ್ಥಾನದ ಶಾಸನಸಭೆ ಅನುಮತಿಯಿತ್ತಿತು. ೧೯೫೮ರ ಮಾರ್ಚಿಯಲ್ಲಿ ಜನರ ಮತವನ್ನು ಕೇಳಲಾಯಿತು. ಸಿಯಾಟಲ್ ಪಟ್ಟಣ ಒಪ್ಪಿತು. ಹೊರಗಿನ ಊರುಗಳು ಒಪ್ಪಲಿಲ್ಲ. ದೊಡ್ಡ ಪಟ್ಟಣವು ಸಣ್ಣ ಊರುಗಳನ್ನು ನುಂಗಬಹುದೆಂಬ ಅಂಜಿಕೆ ಎಲ್ಲ ದೇಶಗಳಲ್ಲಿಯೂ ಒಂದೇ! ಸಾರಿಗೆ ಮೊದಲಾದ ಇತರ ಅಧಿಕಾರಗಳನ್ನು ಕೈಬಿಟ್ಟು, ಕೊಳಚೆಯೊಂದನ್ನೇ ಉಳಿಸಿಕೊಂಡು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿದಾಗ ಜನ ಸಮ್ಮತಿಸಿದರು. ‘ಮೆಟ್ರೋ’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ.

ಅದು ಸುಮಾರು ೧೪ ಕೋಟಿ ಡಾಲರು ವೆಚ್ಚದಲ್ಲಿ ದೊಡ್ಡ ಕೊಳವೆಗಳನ್ನು ಹಾಕಿಸಿ, ರೆಂಟನ್ ಮತ್ತು ವೆಸ್ಟ್ ಪಾಯಿಂಟ್ ಎಂಬೆಡೆಗಳಲ್ಲಿ ಸ್ಥಾವರಗಳನ್ನು ಕಟ್ಟಿಸಿತು. ೧೯೬೩ರಲ್ಲಿ ಮೊದಲಾದ ತಿರುವು ೧೯೬೮ರಲ್ಲಿ ಮುಗಿಯಿತು. ೧೯೬೪ರಲ್ಲಿ ಮೂವತ್ತು ಅಂಗುಲದ ಆಚೆಗೆ ಕಣ್ಣು ಹಾಯದಿದ್ದ ನೀರಿನಲ್ಲಿ, ೧೯೬೮ರ ವೇಳೆಗೆ ಹತ್ತು ಅಡಿಯ ಆಳ ಕಾಣಿಸಿತು. ಕೆಟ್ಟ ಸರೋವರವು ಮರಳಿ ಬದುಕಬಲ್ಲುದೆಂದು ಲೋಕಕ್ಕೆ ತಿಳಿಯಿತು.

ಮೆಟ್ರೋ ೧೯೯೪ರಲ್ಲಿ ಕಿಂಗ್ ಕೌಂಟಿಯ ಆಡಳಿತದಲ್ಲಿ ವಿಲೀನವಾಯಿತು. ಅಲ್ಲಿಯ ವ್ಯವಸ್ಥೆ ಸರಳವಾದುದು. ಬೀದಿಯ ಕೊಳವೆ ಆಯಾ ಊರಿಗೆ ಸೇರಿದ್ದು. ಊರುಗಳಿಂದ ನೀರನ್ನು ಒಯ್ಯುವ ಹೆಗ್ಗೊಳವೆ, ಪಂಪುಗಳು ಮತ್ತು ಸ್ಥಾವರಗಳು ಕೌಂಟಿಗೆ ಸೇರಿದುವು. ಮೂವತ್ತಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು ಮನೆಗಳಿಂದ ಶುಲ್ಕವನ್ನೆತ್ತಿ ಕೌಂಟಿಗೆ ಸಲ್ಲಿಸುತ್ತವೆ. ಸ್ಥಾವರದಲ್ಲಿ ಕಸಕಡ್ಡಿಯನ್ನು ಸೋಸಿ, ಮಡ್ಡಿಯನ್ನು ತಂಗಿಸಿ, ಉಳಿದ ಕಲ್ಮಷವನ್ನು ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಬಿಡುತ್ತಾರೆ. ತಿಳಿನೀರು ಸಮುದ್ರಕ್ಕೆ, ಹದಗೊಳಿಸಿದ ಮಡ್ಡಿ ಹೊಲಕ್ಕೂ ಕಾಡಿಗೂ ಗೊಬ್ಬರ.

ಆದರೆ ಇಂತಹ ಕಾರ್ಯಕ್ಕೆ ಮುಕ್ತಾಯವೆಂಬುದಿಲ್ಲ. ೨೦೧೭ರ ಫೆಬ್ರವರಿಯಲ್ಲಿ ಬಿರುಸಾದ ಮಳೆಯ ನಡುವೆ ವಿದ್ಯುತ್ತಿನ ತೊಡಕುಂಟಾಗಿ, ವೆಸ್ಟ್ ಪಾಯಿಂಟಿನ ಸ್ಥಾವರವೇ ಜಲಾವೃತವಾಯಿತು. ಶುದ್ಧೀಕರಿಸದ ಕೊಳಚೆ ಸಮುದ್ರಕ್ಕೆ ಹರಿಯಿತು. ಸ್ಥಾವರವು ಮೊದಲಿನಂತಾಗಲು ತಿಂಗಳುಗಳೇ ಬೇಕಾದುವು. ಹಿಂದಿನವರು ಗಳಿಸಿಕೊಟ್ಟುದನ್ನು ಇಂದಿನವರು ದಿನದಿನವೂ ಕಾಯಬೇಕು.

ನೀರಿಗೆ ಪುರಸಭೆಗಳ ಎಲ್ಲೆಕಲ್ಲು ತಿಳಿಯದು. ತನ್ನ ಮನೆಯಂಗಳವನ್ನು ಚೊಕ್ಕಟವಾಗಿಟ್ಟುಕೊಳ್ಳುವುದು ಸದ್ಗೃಹಸ್ಥನ ಲಕ್ಷಣ. ನೆರೆಯೂರಿನವನೊಡನೆ ಕೂಡಿ ತೆರಿಗೆ ತೆತ್ತು ಇಬ್ಬರ ಕೆರೆಯನ್ನೂ ಕಾಯುವುದು ಪೌರನ ಲಕ್ಷಣ. ಮೊದಲನೆಯದು ನಮಗೆ ಅಭ್ಯಾಸದಿಂದ ಬಂದೀತು. ಎರಡನೆಯದನ್ನಾದರೋ ಕಿಂಗ್ ಕೌಂಟಿಯ ಜನ ಒಮ್ಮೆ ಬೇಡವೆಂದು, ಯೋಚಿಸಿ, ಮತ್ತೆ ಬೇಕೆಂದು ಪಡೆದುಕೊಂಡರು.