ಇಬ್ಬರು ತಂದೆಯರು, ಎರಡು ಶಾಲೆಗಳು: ಅಮೆರಿಕದ ಕಿವುಡ ಮಕ್ಕಳ ಶಿಕ್ಷಣದಲ್ಲಿ ಹೆತ್ತವರ ಪಾತ್ರ

ಕಿವುಡರ ಶಿಕ್ಷಣದ ಚರಿತ್ರೆಯನ್ನು ಬಹುಮಟ್ಟಿಗೆ ಗುರುಗಳ ಚರಿತ್ರೆಯಾಗಿ ಬರೆಯುತ್ತ ಬಂದಿದ್ದಾರೆ. ಅಮೆರಿಕದ ಮಟ್ಟಿಗೆ ಅದು ಅರ್ಧ ಕಥೆ ಮಾತ್ರ. ಅಲ್ಲಿ ಶಾಲೆಗೂ ಮೊದಲು ಮನೆಯಿತ್ತು, ಕರೆದರೆ ತಿರುಗಿ ನೋಡದ ಮಗುವಿತ್ತು, ಉಳಿದೆಲ್ಲ ಕೆಲಸ ಬಿಟ್ಟು ಅದರ ಹಿಂದೆ ಬಿದ್ದ ಅಪ್ಪನೋ ಅಮ್ಮನೋ ಇದ್ದರು. ಆ ಹೆತ್ತವರು ಹಿಡಿದ ದಾರಿಯನ್ನು ಅವರ ತತ್ತ್ವಕ್ಕಿಂತ ಹೆಚ್ಚಾಗಿ ಅವರ ಮಗು ಯಾವ ವಯಸ್ಸಿನಲ್ಲಿ ಕಿವಿ ಕಳೆದುಕೊಂಡಿತು ಎಂಬುದು ನಿರ್ಧರಿಸಿತು ಎಂಬುದು ನನ್ನ ವಾದ.

ಈ ಸಾಲಿನ ಮೊದಲಿಗರಲ್ಲಿ ಬಾಸ್ಟನ್‌ನ ಫ್ರಾನ್ಸಿಸ್ ಗ್ರೀನ್ ಒಬ್ಬ. ಆತ 1780ರಲ್ಲಿ ಎಂಟು ವರ್ಷದ ಮಗ ಚಾರ್ಲ್ಸ್‌ನನ್ನು ಎಡಿನ್‌ಬರೋದಲ್ಲಿದ್ದ ಬ್ರೈಡ್‌ವುಡ್ ಶಾಲೆಗೆ ಸೇರಿಸಿದ. ಮಗನ ಕಲಿಕೆಯನ್ನು ಕಂಡ ಬೆರಗಿನಲ್ಲಿ 1783ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. 1787ರಲ್ಲಿ ಚಾರ್ಲ್ಸ್ ನೀರಿನಲ್ಲಿ ಮುಳುಗಿ ತೀರಿಕೊಂಡ. ತಂದೆ ಮಾತ್ರ ಕೈಬಿಡಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿರುವ ಕಿವುಡರ ಲೆಕ್ಕ ಕಳಿಸಿರೆಂದು 1803ರಲ್ಲಿ ಪತ್ರಿಕೆಯ ಮೂಲಕ ಪಾದ್ರಿಗಳನ್ನು ಬೇಡಿಕೊಂಡ. ಮಗನೇ ಇಲ್ಲವಾದ ಮೇಲೂ ಬೇರೆಯವರ ಮಕ್ಕಳನ್ನು ಎಣಿಸುತ್ತ ಕುಳಿತ ಈ ಮನುಷ್ಯನಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ.

ಎಣಿಕೆಯ ಆ ಉಪಾಯವನ್ನೇ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಊರಿನ ಶಸ್ತ್ರವೈದ್ಯ ಮೇಸನ್ ಫಿಚ್ ಕಾಗ್ಸ್‌ವೆಲ್ ಕೂಡ ಹಿಡಿದ. 1805ರಲ್ಲಿ ಹುಟ್ಟಿದ ಅವನ ಮಗಳು ಆಲಿಸ್ ಎರಡು ವರ್ಷ ದಾಟಿದಾಗ ಜ್ವರ ಬಂದು ಕಿವುಡಾದಳು. ತೊದಲು ನುಡಿ ಬೇರು ಬಿಡುವ ಮೊದಲೇ ಬತ್ತಿಹೋಯಿತು. ಕಾಗ್ಸ್‌ವೆಲ್ 1812ರ ಹೊತ್ತಿಗೆ ತನ್ನ ರಾಜ್ಯದ ಪಾದ್ರಿಗಳ ಮೂಲಕ 84 ಕಿವುಡರನ್ನು ಲೆಕ್ಕಕ್ಕೆ ತಂದ. ಈ ಅಂಕಿಯನ್ನು ಬರೀ ಜನಗಣತಿ ಎಂದು ಓದಿದರೆ ತಪ್ಪಾಗುತ್ತದೆ. ಮಗಳನ್ನು ಹಡಗು ಹತ್ತಿಸಿ ದೂರದೇಶಕ್ಕೆ ಕಳಿಸಲು ಮನಸ್ಸಿಲ್ಲದ ಅಪ್ಪ, ಇಲ್ಲೇ ಒಂದು ಶಾಲೆ ನಿಲ್ಲುವಷ್ಟು ಜೊತೆಗಾರರು ಅವಳಿಗಿದ್ದಾರೆಯೇ ಎಂದು ಹುಡುಕಿದ ಲೆಕ್ಕ ಅದು.

1815ರ ಏಪ್ರಿಲ್‌ನಲ್ಲಿ ಊರಿನ ಗಣ್ಯರು ಅವನ ಮನೆಯಲ್ಲೇ ಸೇರಿ, ನೆರೆಮನೆಯ ಯುವಕ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್‌ನನ್ನು ಕಿವುಡರಿಗೆ ಕಲಿಸುವ ವಿಧಾನ ಅರಿತು ಬರಲು ಯುರೋಪಿಗೆ ಕಳಿಸಲು ಹಣ ಕೂಡಿಸಿದರು. ಆಲಿಸ್ ಆ ನಡುವೆ ಸುಮ್ಮನೆ ಕಾಯುತ್ತಿರಲಿಲ್ಲ. ಮುಂದೆ ಲಿಡಿಯಾ ಸಿಗೌರ್ನಿ ಎಂದು ಕವಯಿತ್ರಿಯಾಗಿ ಹೆಸರಾದ ಲಿಡಿಯಾ ಹಂಟ್ಲಿ ಆಗ ಅಲ್ಲೇ ಹುಡುಗಿಯರ ಶಾಲೆ ನಡೆಸುತ್ತಿದ್ದಳು. ಕಿವಿ ಕೇಳುವ ಗೆಳತಿಯರ ನಡುವೆ ಕುಳಿತು ಆಲಿಸ್ ಸನ್ನೆಗಳಲ್ಲೇ ಅಲ್ಲಿ ಪಾಠ ಕಲಿತಳು. ಬ್ರಿಟನ್ನಿನ ಬ್ರೈಡ್‌ವುಡ್ ಮನೆತನ ತಮ್ಮ ವಿಧಾನವನ್ನು ಗುಟ್ಟಾಗಿಟ್ಟು ಕಠಿಣ ಷರತ್ತು ಒಡ್ಡಿದ್ದರಿಂದ ಗ್ಯಾಲಡೆಟ್ ಪ್ಯಾರಿಸ್‌ಗೆ ಹೋದ. ಅಲ್ಲಿಂದ, ಸ್ವತಃ ಕಿವುಡನಾಗಿದ್ದ ಶಿಕ್ಷಕ ಲಾರೆಂಟ್ ಕ್ಲೇರ್‌ನನ್ನು 1816ರಲ್ಲಿ ಜೊತೆಗೆ ಕರೆತಂದ. ಸನ್ನೆ ಭಾಷೆ ಹೀಗೆ ಅಮೆರಿಕದ ಶಾಲೆಯ ಹೊಸ್ತಿಲು ದಾಟಿತು. 1817ರ ಏಪ್ರಿಲ್ 15ರಂದು ಶಾಲೆ ತೆರೆದಾಗ ಮೊದಲ ವಿದ್ಯಾರ್ಥಿಗಳಲ್ಲಿ ಆಲಿಸ್ ಇದ್ದಳು. 1830ರ ಡಿಸೆಂಬರ್‌ನಲ್ಲಿ ಕಾಗ್ಸ್‌ವೆಲ್ ತೀರಿಕೊಂಡ. ಹದಿಮೂರು ದಿನಕ್ಕೆ ಮಗಳೂ ಹೋದಳು. ಅವಳಿಗಾಗ ಇಪ್ಪತ್ತೈದು ವರ್ಷ.

ಶಾಲೆ ಕಟ್ಟಿಸಿದ ಎರಡನೆಯ ತಂದೆ ಬಾಸ್ಟನ್‌ನ ವಕೀಲ ಗಾರ್ಡಿನರ್ ಗ್ರೀನ್ ಹಬ್ಬರ್ಡ್. ಅವನ ಮಗಳು ಮೇಬಲ್ ಸ್ಕಾರ್ಲೆಟ್ ಜ್ವರದಿಂದ ಕಿವುಡಾದಾಗ ಐದು ವರ್ಷದವಳು. ಅಷ್ಟರಲ್ಲಿ ಮಾತು ಅವಳ ಬಾಯಲ್ಲಿ ಪೂರ್ತಿ ಕೂತಿತ್ತು. ಹಬ್ಬರ್ಡ್ ದಂಪತಿಗೆ ಭಾಷೆ ಕಲಿಸುವುದಕ್ಕಿಂತ ಇದ್ದ ಭಾಷೆಯನ್ನು ಉಳಿಸಿಕೊಳ್ಳುವ ಚಿಂತೆ. ಮನೆಯಲ್ಲಿ ಸನ್ನೆ ಬಿಟ್ಟು ಮಾತು, ತುಟಿ ಓದು ಇಷ್ಟನ್ನೇ ಇಟ್ಟುಕೊಂಡರು. ಮಾತಿನ ಮೂಲಕವೇ ಕಲಿಸುವ ಶಾಲೆ ಬೇಕೆಂದು ಹಬ್ಬರ್ಡ್ 1864ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಮುಂದೆ ನಿಂತು ಸೋತ. 1867ರಲ್ಲಿ ಮತ್ತೆ ನಿಂತಾಗ ಒಂಬತ್ತು ವರ್ಷದ ಮೇಬಲ್ ಸಮಿತಿಯ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಕೊಟ್ಟಳು. ಹಾರ್ಟ್‌ಫರ್ಡ್‌ನಲ್ಲಿ ಓದಿದ ಕಿವುಡ ಮಗಳಿದ್ದ ಶಾಸಕ ಲೂಯಿಸ್ ಡಡ್ಲಿಗೆ ಮೊದಲು ಈ ವಾದದಲ್ಲಿ ನಂಬಿಕೆಯಿರಲಿಲ್ಲ. ತನ್ನ ಮಗಳ ಬಾಯಿಂದಲೂ ಕೆಲವು ಪದ ಹೊರಟದ್ದನ್ನು ಕೇಳಿ ಅವನ ಮನಸ್ಸು ತಿರುಗಿತು. ಆ ತಂದೆಯ ಎದೆ ಕರಗಿದ್ದು ಸಹಜ. ಆದರೆ ಕೆಲವು ಪದಗಳಿಗೂ ಒಂದು ಭಾಷೆಗೂ ನಡುವಿನ ದೂರ ಅಂದು ಚರ್ಚೆಯಿಂದ ಜಾರಿಹೋಯಿತು. ಜಾನ್ ಕ್ಲಾರ್ಕ್ ಕೊಟ್ಟ 50,000 ಡಾಲರ್ ನೆರವಿನಿಂದ ಅದೇ ವರ್ಷ ನಾರ್ಥ್‌ಹ್ಯಾಂಪ್ಟನ್‌ನಲ್ಲಿ ಕ್ಲಾರ್ಕ್ ಶಾಲೆ ಶುರುವಾಯಿತು.

ಮೇಬಲ್ 1877ರಲ್ಲಿ ತನ್ನ ಗುರು ಅಲೆಕ್ಸಾಂಡರ್ ಗ್ರಹಾಂ ಬೆಲ್‌ನನ್ನು ಮದುವೆಯಾದಳು. ಅಮೆರಿಕದಲ್ಲಿ ಮಾತಿನ ವಿಧಾನಕ್ಕೆ ಬೆಲ್‌ಗಿಂತ ದೊಡ್ಡ ವಕ್ತಾರ ಇನ್ನೊಬ್ಬನಿರಲಿಲ್ಲ. ಕಿವುಡರ ಶಿಕ್ಷಕರ 1880ರ ಮಿಲಾನ್ ಸಮ್ಮೇಳನವೂ ಸನ್ನೆಯನ್ನು ತರಗತಿಯಿಂದ ಹೊರಗಿಡಬೇಕೆಂದು ಗೊತ್ತುವಳಿ ಮಾಡಿತು. ಹೀಗೆ ಐದು ವರ್ಷ ಕೇಳಿ ಮಾತು ಕಲಿತ ಹುಡುಗಿಗೆ ಒಪ್ಪಿದ ಅಂಗಿಯನ್ನು, ಒಂದು ದನಿಯನ್ನೂ ಕೇಳದೆ ಹುಟ್ಟಿದ ಸಾವಿರಾರು ಮಕ್ಕಳಿಗೂ ತೊಡಿಸಲಾಯಿತು. ಇದರಲ್ಲಿ ಹಬ್ಬರ್ಡ್‌ನ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಮೇಬಲ್ ಜೀವನದುದ್ದಕ್ಕೂ ಬೇರೆ ಕಿವುಡರ ಸಹವಾಸದಿಂದ ದೂರವೇ ಉಳಿದಳು. ಕಾಗ್ಸ್‌ವೆಲ್ ಮಗಳಿಗಾಗಿ ಊರೂರಲ್ಲಿ ಹುಡುಕಿಸಿದ್ದು ಅದೇ ಸಹವಾಸವನ್ನು.

ಇಪ್ಪತ್ತನೆಯ ಶತಮಾನದಲ್ಲಿ ಈ ಭಾರ ತಾಯಂದಿರ ಹೆಗಲಿಗೆ ಬಂತು. ನಟ ಸ್ಪೆನ್ಸರ್ ಟ್ರೇಸಿಯ ಹೆಂಡತಿ ಲೂಯಿಸ್‌ಗೆ ಮಗ ಜಾನ್ ಕಿವುಡನೆಂದು ತಿಳಿದಾಗ ಅವನಿಗೆ ಹತ್ತು ತಿಂಗಳು. ಬಾಗಿಲು ಧಡಾರನೆ ಬಡಿದರೂ ಮಲಗಿದ್ದ ಕೂಸು ಮಿಸುಕಲಿಲ್ಲ. ಆಕೆ 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆದ ಜಾನ್ ಟ್ರೇಸಿ ಕ್ಲಿನಿಕ್, ಅಂಚೆಯ ಮೂಲಕ ಹೆತ್ತವರಿಗೇ ಉಚಿತ ಪಾಠ ಕಳಿಸತೊಡಗಿತು. ಕಿವುಡ ಮಗುವಿನ ಮೊದಲ ಗುರು ತಾಯಿತಂದೆಯೇ ಎಂದು ಒಪ್ಪಿ ಅವರ ಕೈಗೆ ಪಾಠ ಕೊಟ್ಟದ್ದು ದೊಡ್ಡ ಹೆಜ್ಜೆ. ಆ ಪಾಠವೂ ಮಾತಿನದೇ ಆಗಿತ್ತು.

1964-65ರ ರುಬೆಲ್ಲಾ ಪಿಡುಗಿನ ಕಾಲದಲ್ಲಿ ಗರ್ಭದಲ್ಲಿದ್ದು ಕಿವುಡಾಗಿ ಹುಟ್ಟಿದ ಮಕ್ಕಳಲ್ಲಿ ಲಿನ್ ಸ್ಪ್ರಾಡ್ಲಿ ಒಬ್ಬಳು. ಅವಳ ತಂದೆ ಥಾಮಸ್, ಮಾನವಶಾಸ್ತ್ರಜ್ಞನಾದ ತನ್ನ ಸೋದರ ಜೇಮ್ಸ್ ಜೊತೆ ಬರೆದ ಪುಸ್ತಕ 1978ರಲ್ಲಿ ಬಂತು. ತಜ್ಞರ ಮಾತು ಕೇಳಿ ವರ್ಷಗಟ್ಟಲೆ ಮಗುವಿಗೆ ಮಾತು ಹೇಳಿಕೊಟ್ಟದ್ದು, ಕೊನೆಗೆ ಮನೆಮಂದಿ ಸನ್ನೆ ಕಲಿಯಲು ಕುಳಿತದ್ದು ಅದರ ವಸ್ತು. ಪುಸ್ತಕಕ್ಕೆ ಅವರಿಟ್ಟ ಹೆಸರು ‘ಡೆಫ್ ಲೈಕ್ ಮಿ’, ಅಂದರೆ ನನ್ನ ಹಾಗೇ ಕಿವುಡರು.