ಡಾಂಗ್ ಜಿಲ್ಲೆ: ಗುಜರಾತಿನ ಮಲೆನಾಡಿನ ನೆಲ, ನೀರು ಮತ್ತು ಜನ

ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಸಾಪುತಾರಾ ಎಂಬ ಹೆಸರು ಹೊಸದಲ್ಲ. ಮಳೆಗಾಲ ಬಂತೆಂದರೆ ಸೂರತ್, ವಡೋದರಾ ಮತ್ತು ಅಹಮದಾಬಾದ್‌ಗಳಿಂದ ಮಕ್ಕಳು-ಮರಿಗಳೊಡನೆ ಅಲ್ಲಿಗೆ ಹೋಗಿ, ಮಂಜಿನಲ್ಲಿ ನಿಂತು, "ನಮ್ಮ ಮಡಿಕೇರಿಯ ಹಾಗೆಯೇ ಇದೆಯಲ್ಲ" ಎಂದು ಉದ್ಗರಿಸಿ ಬರುವವರು ಬಹಳ. ಆದರೆ ಆ ಗಿರಿಧಾಮವನ್ನು ಒಳಗೊಂಡ ಡಾಂಗ್ ಜಿಲ್ಲೆಯ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಈ ಲೇಖನದ ಉದ್ದೇಶ.

ಡಾಂಗ್ ಜಿಲ್ಲೆಯು ಗುಜರಾತ್ ರಾಜ್ಯದ ಆಗ್ನೇಯ ಮೂಲೆಯಲ್ಲಿದೆ. ಉತ್ತರ ಮತ್ತು ಪಶ್ಚಿಮಗಳಲ್ಲಿ ತಾಪಿ ಹಾಗೂ ನವಸಾರಿ ಜಿಲ್ಲೆಗಳು, ಉಳಿದೆಡೆ ಮಹಾರಾಷ್ಟ್ರದ ಗಡಿ. ವಿಸ್ತೀರ್ಣ ಸುಮಾರು 1,764 ಚದರ ಕಿಲೋಮೀಟರ್. ಆಹ್ವಾ ಜಿಲ್ಲಾ ಕೇಂದ್ರ. ಬಹುಕಾಲ ಇಡೀ ಜಿಲ್ಲೆಯೇ ಒಂದು ತಾಲ್ಲೂಕಾಗಿತ್ತು. ಈಗ ಆಹ್ವಾ, ವಘಯಿ ಮತ್ತು ಸುಬೀರ್ ಎಂಬ ಮೂರು ತಾಲ್ಲೂಕುಗಳಿವೆ. ಗುಜರಾತಿಯಲ್ಲಿ 'ಡಾಂಗ್' ಎಂದರೆ ದೊಣ್ಣೆ. ಇಲ್ಲಿನ ಬಿದಿರಿನಿಂದಲೇ ಈ ಹೆಸರು ಬಂದಿತೆನ್ನುವವರಿದ್ದಾರೆ.

ಕನ್ನಡಿಗರಿಗೆ ಈ ನೆಲ ಪರಿಚಿತವೆನಿಸುವುದು ಆಕಸ್ಮಿಕವಲ್ಲ. ತಾಪಿ ನದಿಯ ದಕ್ಷಿಣಕ್ಕೆ ಆರಂಭಗೊಂಡು ಸುಮಾರು 1,600 ಕಿ.ಮೀ. ದೂರ, ಕನ್ಯಾಕುಮಾರಿಯವರೆಗೂ ಸಾಗುವ ಸಹ್ಯಾದ್ರಿಯ ಉತ್ತರದ ತುದಿಯೇ ಡಾಂಗ್. ಆಗುಂಬೆ, ಕೊಡಚಾದ್ರಿ, ಬ್ರಹ್ಮಗಿರಿಗಳು ಇದೇ ಸಾಲಿನ ಮುಂದಿನ ಶಿಖರಗಳು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದವು. ಗುಜರಾತಿನದು ಒಂದೂ ಇಲ್ಲ. ಸಾಲಿನ ಮೊದಲನೆಯವನಿಗೇ ಎಲೆ ಹಾಕದೆ ಮುಂದೆ ಹೋದಂತಾಯಿತು!

ಜಿಲ್ಲೆಯ ಬಹುಭಾಗ ಕಾಡು. ತೇಗ ಮತ್ತು ಬಿದಿರು ಪ್ರಧಾನ. ಹಿಪ್ಪೆ, ಮತ್ತಿ ಮುಂತಾದವೂ ಉಂಟು. 1990ರಲ್ಲಿ ಘೋಷಿತವಾದ ಪೂರ್ಣಾ ವನ್ಯಧಾಮ ಇಲ್ಲಿಯೇ ಇದೆ. ಪೂರ್ಣಾ, ಅಂಬಿಕಾ, ಖಾಪರಿ, ಗಿರಾ ನದಿಗಳು ಈ ಬೆಟ್ಟಗಳಿಂದ ಇಳಿಯುತ್ತವೆ. ನವಸಾರಿ ನಗರದ ಪಕ್ಕದಲ್ಲಿ ಹರಿಯುವ ಪೂರ್ಣೆ, ಬಿಲಿಮೋರಾದ ಬಳಿ ಕಾಣುವ ಅಂಬಿಕೆ ಎರಡೂ ಈ ಕಾಡಿನ ಮಳೆಯನ್ನೇ ಹೊತ್ತು ಅರಬ್ಬೀ ಸಮುದ್ರವನ್ನು ಸೇರುತ್ತವೆ. ರಾಜ್ಯದಲ್ಲಿ ಅತ್ಯಧಿಕ ಮಳೆ ಬೀಳುವ ಪ್ರದೇಶಗಳಲ್ಲಿ ಡಾಂಗ್ ಒಂದು. ಆದರೂ ಬೇಸಿಗೆಯಲ್ಲಿ ಇಲ್ಲಿನ ಹೆಂಗಸರು ಕೊಡ ಹೊತ್ತು ನೀರಿಗಾಗಿ ನಡೆಯಬೇಕಾಗುತ್ತದೆ. ಕಾರಣ ಸರಳ. ನೆಲ ಕಡಿದಾದ ಇಳಿಜಾರು, ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ಬಿದ್ದ ನೀರು ನಿಲ್ಲುವುದಿಲ್ಲ, ಇಂಗುವುದೂ ಕಡಿಮೆ. ಪಾರ್-ತಾಪಿ-ನರ್ಮದಾ ನದಿ ಜೋಡಣೆ ಯೋಜನೆಯಲ್ಲಿ ಡಾಂಗ್‌ನೊಳಗೆ ಮೂರು ಅಣೆಕಟ್ಟುಗಳ ಪ್ರಸ್ತಾವವಿತ್ತು. ಮುಳುಗಡೆಯ ಭೀತಿಯಿಂದ ಆದಿವಾಸಿಗಳು ತೀವ್ರವಾಗಿ ವಿರೋಧಿಸಿದರು. 2022ರ ಮೇ ತಿಂಗಳಿನಲ್ಲಿ ಮುಖ್ಯಮಂತ್ರಿ ಭೂಪೇಂದ್ರ ಪಟೇಲ್ ಅವರು ಯೋಜನೆಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು.

ಈ ತೇಗದ ಮೇಲೆ ಮೊದಲು ಕಣ್ಣಿಟ್ಟವರು ಈಸ್ಟ್ ಇಂಡಿಯಾ ಕಂಪನಿಯವರು. 1842ರಲ್ಲಿ ಇಲ್ಲಿನ ಭಿಲ್ ರಾಜರಿಂದ ಕಾಡನ್ನು ಗುತ್ತಿಗೆಗೆ ಪಡೆದರು. ಹಡಗು ಕಟ್ಟುವುದಕ್ಕೆ ಅವರಿಗೆ ಮರ ಬೇಕಾಗಿತ್ತು. ಪ್ರತಿಯಾಗಿ ರಾಜರಿಗೆ ವರ್ಷಾಶನ ನಿಗದಿಯಾಯಿತು. ಗಢವಿ, ಆಮಲಾ, ವಾಸುರ್ಣಾ, ದಹೇರ್, ಪಿಂಪರಿ ಎಂಬ ಐದು ಮನೆತನಗಳಿಗೆ ಇಂದಿಗೂ ಹೋಳಿಗೆ ಮುನ್ನ ಆಹ್ವಾದಲ್ಲಿ ನಡೆಯುವ 'ಡಾಂಗ್ ದರ್ಬಾರ್'ನಲ್ಲಿ ಸರ್ಕಾರವು ಗೌರವಧನವನ್ನು ಸಲ್ಲಿಸುತ್ತದೆ. 1971ರಲ್ಲಿ ದೇಶದ ಮಹಾರಾಜರುಗಳ ರಾಜಧನ ರದ್ದಾಯಿತು. ಈ ಐವರದು ಉಳಿದುಕೊಂಡಿತು. ಮೊತ್ತ ದೊಡ್ಡದೇನಲ್ಲ. ಆದರೆ ನೆಲದ ಒಡೆಯರು ಯಾರಾಗಿದ್ದರೆಂಬುದಕ್ಕೆ ವರ್ಷಕ್ಕೊಮ್ಮೆ ಬರೆದುಕೊಡುವ ರಸೀದಿ ಎಂದು ಬ್ಯಾಂಕ್ ನೌಕರನಾದ ನನಗೆ ಅನಿಸುತ್ತದೆ. ಭಾಷಾವಾರು ವಿಂಗಡಣೆಯ ಕಾಲದಲ್ಲಿ ಡಾಂಗಿ ನುಡಿ ಗುಜರಾತಿಗೆ ಹತ್ತಿರವೋ ಮರಾಠಿಗೋ ಎಂಬ ವಿವಾದವೆದ್ದು, ಕೊನೆಗೆ 1960ರ ಮೇ 1ರಂದು ಜಿಲ್ಲೆಯು ಗುಜರಾತಿಗೆ ಸೇರಿತು. ಕಾಸರಗೋಡು, ಬೆಳಗಾವಿಗಳ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜನಸಂಖ್ಯೆಯ ವಿಚಾರ. 2011ರ ಜನಗಣತಿಯಂತೆ ಡಾಂಗ್‌ನ ಜನಸಂಖ್ಯೆ 2,28,291. ಆ ಗಣತಿಯಲ್ಲಿ ರಾಜ್ಯದ ಅತಿ ಕಡಿಮೆ ಜನರ ಜಿಲ್ಲೆ ಇದೇ. ಅಹಮದಾಬಾದ್ ಜಿಲ್ಲೆಯೊಂದರಲ್ಲೇ ಆಗ 72 ಲಕ್ಷ ಜನರಿದ್ದರು. ಕರ್ನಾಟಕದಲ್ಲಿ ಈ ಸ್ಥಾನ ಕೊಡಗಿನದು: 5,54,519 ಜನ. ಚದರ ಕಿಲೋಮೀಟರಿಗೆ ಡಾಂಗ್‌ನಲ್ಲಿ 129, ಕೊಡಗಿನಲ್ಲಿ 135 ಮಂದಿ. ಸಹ್ಯಾದ್ರಿಯ ಎರಡು ಕಡೆ ಲೆಕ್ಕ ಹೆಚ್ಚುಕಡಿಮೆ ಒಂದೇ! ಸಾಕ್ಷರತೆ 2001ರಲ್ಲಿ ಶೇಕಡ 60ರ ಆಸುಪಾಸಿನಲ್ಲಿದ್ದುದು 2011ರಲ್ಲಿ 75ಕ್ಕೆ ಏರಿತು. ಸಾವಿರ ಗಂಡಸರಿಗೆ ಹೆಂಗಸರು ಸೂರತ್ ಜಿಲ್ಲೆಯಲ್ಲಿ 787 ಇದ್ದಾಗ ಡಾಂಗ್‌ನಲ್ಲಿ 1,006 ಇದ್ದರು.

ಜನರಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು: ಭಿಲ್, ಕೊಂಕಣಾ, ವಾರ್ಲಿ, ಗಾಮಿತ್ ಮೊದಲಾದವರು. ಇಲ್ಲಿನ ಕೊಂಕಣರನ್ನು ನಮ್ಮ ಕರಾವಳಿಯ ಕೊಂಕಣಿಗರೊಂದಿಗೆ ಬೆರೆಸಿಕೊಳ್ಳಬಾರದು.

ಈ ಅಂಕಿಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಡು ಹೆಚ್ಚು, ಹೊಲ ಕಡಿಮೆ, ಒಂದೇ ಮಳೆಯ ಬೆಳೆ. ಹೀಗಾಗಿ ದೀಪಾವಳಿಯ ಹೊತ್ತಿಗೆ ಡಾಂಗ್‌ನ ಬಹಳಷ್ಟು ಕುಟುಂಬಗಳು ಕಬ್ಬು ಕಡಿಯಲು ಬಯಲಿಗೆ ಇಳಿಯುತ್ತವೆ. ರಾಯಚೂರು-ಯಾದಗಿರಿಯ ಕಡೆ ನಾವು 'ಗುಳೆ' ಎನ್ನುವುದು ಇದನ್ನೇ. ಮುಕಾದಮನಿಂದ ಮುಂಗಡ ಪಡೆದು, ಗಂಡ-ಹೆಂಡಿರ ಜೋಡಿ ಒಂದು 'ಕೋಯ್ತಾ' ಎಂದು ಲೆಕ್ಕಕ್ಕೆ ಬರುತ್ತದೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಕನ್ನಡದ ಕಿವಿಗೆ 'ಕೊಯ್ಯು' ಎಂದೇ ಕೇಳಿಸುತ್ತದೆ. ಬ್ಯಾಂಕಿನ ಕೆಲಸದ ನಿಮಿತ್ತ ಬಾರ್ಡೋಲಿ ಕಡೆಗೆ ಹೋಗುವಾಗಲೆಲ್ಲ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಡಿಸಲುಗಳ ಸಾಲು, ಅವುಗಳ ಮುಂದೆ ಶಾಲೆಗೆ ಹೋಗಬೇಕಾದ ವಯಸ್ಸಿನ ಮಕ್ಕಳು ಕಾಣುತ್ತಿದ್ದರು. ಇವರು ಎಲ್ಲಿಯವರೆಂದು ವಿಚಾರಿಸುವುದಕ್ಕೆ ನನಗೇ ಹಲವು ವರ್ಷಗಳು ಬೇಕಾದವು.

2011ರಲ್ಲಿ ಜನಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಅದು ಕಬ್ಬಿನ ಕಟಾವಿನ ನಡುಗಾಲ. ಎಣಿಕೆಯ ಅವಧಿಯುದ್ದಕ್ಕೂ ಮನೆಯಲ್ಲಿಲ್ಲದವರನ್ನು ಅವರು ಇದ್ದ ಜಾಗದಲ್ಲಿ ಲೆಕ್ಕ ಹಾಕಬೇಕೆಂಬುದು ನಿಯಮ. ಆದ್ದರಿಂದ ಬಾರ್ಡೋಲಿಯ ಗುಡಿಸಲಿನಲ್ಲಿದ್ದ ಡಾಂಗಿ ಕುಟುಂಬ ಸೂರತ್ ಜಿಲ್ಲೆಯ ಲೆಕ್ಕಕ್ಕೆ ಸೇರಬೇಕು, ಎಣಿಸುವವರ ಕಣ್ಣಿಗೆ ಬಿದ್ದರೆ. ಶಾಲೆ, ಆಸ್ಪತ್ರೆ, ಅನುದಾನಗಳೆಲ್ಲ ತಲೆಯೆಣಿಕೆಯನ್ನೇ ನೋಡಿ ಹಂಚಿಕೆಯಾಗುವುದರಿಂದ ಇದು ಬರಿಯ ಅಂಕಿಅಂಶದ ಕುತೂಹಲವಲ್ಲ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಆ ವರ್ಷದ ಹೋಳಿ ಬರುವುದು ಅದಾದ ಮೇಲೆ. ದರ್ಬಾರಿಗೆ ಜನ ಊರಿಗೆ ಮರಳುವ ಮುನ್ನವೇ ಎಣಿಕೆ ಮುಗಿದಿರುತ್ತದೆ.

ಬೆಳೆಗಳಲ್ಲಿ ಭತ್ತ, ಹುಚ್ಚೆಳ್ಳು, ಸಾಮೆಗಳ ಜೊತೆಗೆ ಮುಖ್ಯವಾದುದು 'ನಾಗಲಿ'. ನಾಗಲಿ ಎಂದರೆ ನಮ್ಮ ರಾಗಿಯೇ. ಮುದ್ದೆ ಮಾಡುವುದಿಲ್ಲ, ರೊಟ್ಟಿ ತಟ್ಟುತ್ತಾರೆ. ರಾಗಿ ಹಿಟ್ಟನ್ನು ಊರಿನಿಂದ ತರಿಸುವ ನಮ್ಮ ಗೃಹಿಣಿಯರು ಗಮನಿಸಬಹುದು. 2021ರ ನವೆಂಬರ್‌ನಲ್ಲಿ ಡಾಂಗ್ ಅನ್ನು ಸಂಪೂರ್ಣ ನೈಸರ್ಗಿಕ ಕೃಷಿಯ ಜಿಲ್ಲೆಯೆಂದು ಘೋಷಿಸಲಾಯಿತು.

ಇಲ್ಲಿನ ಜನ ತಮ್ಮ ಕಾಡನ್ನು ರಾಮಾಯಣದ ದಂಡಕಾರಣ್ಯವೆಂದು ನಂಬುತ್ತಾರೆ. ಸುಬೀರ್ ಬಳಿ ಶಬರಿಧಾಮವಿದೆ, ಪಂಪಾ ಸರೋವರವೂ ಇದೆ. ಆನೆಗೊಂದಿಯ ಪಂಪಾ ಸರೋವರವನ್ನು ಕಂಡವರು ಇಲ್ಲಿ ವಾದಕ್ಕಿಳಿಯದೆ ಕೈಮುಗಿದು ಬರುವುದು ಲೇಸು. ಇತ್ತೀಚಿನ ನಂಟೊಂದು ಮಾತ್ರ ನಿರ್ವಿವಾದ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಹಿಳೆಯರ 4×400 ಮೀಟರ್ ರಿಲೇ ತಂಡದ ನಾಲ್ವರಲ್ಲಿ ಕೊಡಗು ಮೂಲದ ಎಂ. ಆರ್. ಪೂವಮ್ಮ ಒಬ್ಬರು, ಡಾಂಗ್‌ನ ಹಳ್ಳಿಯೊಂದರಿಂದ ಬಂದ ಸರಿತಾ ಗಾಯಕವಾಡ್ ಇನ್ನೊಬ್ಬರು.

ಸೂರತ್‌ನಿಂದ ಆಹ್ವಾಗೆ ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಬಿಡುವಿದ್ದವರು ಬಿಲಿಮೋರಾ-ವಘಯಿ ಕಿರುಹಳಿಯ ರೈಲನ್ನು ವಿಚಾರಿಸಬಹುದು. ಬರೋಡಾದ ಗಾಯಕವಾಡರು ತೇಗ ಸಾಗಿಸಲೆಂದು 1913ರ ಸುಮಾರಿಗೆ ಹಾಕಿಸಿದ 63 ಕಿ.ಮೀ. ಹಳಿ ಅದು; 2020ರಲ್ಲಿ ಸಂಚಾರ ನಿಂತು, 2021ರಲ್ಲಿ ಪುನಃ ಆರಂಭವಾಯಿತು. ವಘಯಿಯ ಸಸ್ಯೋದ್ಯಾನ ಮತ್ತು ಅಂಬಿಕಾ ನದಿಯ ಗಿರಾ ಜಲಪಾತವನ್ನು ನೋಡಲು ಮಳೆ ತಗ್ಗಿದ ಸೆಪ್ಟೆಂಬರ್ ಕೊನೆಯ ದಿನಗಳು ಅನುಕೂಲ. ಆಗ ಹಳ್ಳಿಗಳಲ್ಲಿ ಜನರೂ ಇರುತ್ತಾರೆ.